500 ಲೀಟರ್ ಡಿಕ್ಕಿಗೆ 200 ಲೀಟರ್ ಡ್ರಮ್ಮು ಯಾಕೆ ಹಿಡಿಯಲಿಲ್ಲ?

ಎರಡು ಮಳೆಗಾಲದ ಹಿಂದಿನ ಮಾತು. ಮೇ ತಿಂಗಳ ಕೊನೆಯ ವಾರ. ಅಡಿಕೆಗೆ ಮೊದಲ ಮದ್ದು ಹೊಡೆಸುವ ಗಡಿಬಿಡಿ. ಮದ್ದು ಕಲೆಸುವ ಹಳೇ ಡ್ರಮ್ಮು ಬುಡದಲ್ಲಿ ಸೀಳಿತ್ತು. ಶಿರಸಿ ಪೇಟೆಗೆ ಹೋಗಿ ನೀಲಿ ಬಣ್ಣದ 200 ಲೀಟರ್ ಪ್ಲಾಸ್ಟಿಕ್ ಡ್ರಮ್ಮು ತೆಗೆದುಕೊಂಡೆವು. ಸಂಗಡ ಮೈಲುತುತ್ತ, ಒಂದು ಚೀಲ ಸುಣ್ಣ. ಮೋಡ ಕಟ್ಟಿತ್ತು, ಬೇಗ ಮನೆ ಸೇರಬೇಕಿತ್ತು.

ನಮ್ಮದು ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಂಡಿರುವ ಉದ್ದನೆಯ ಸೆಡಾನ್ ಕಾರು. ಮೂತಿಯಿಂದ ಬಾಲದವರೆಗೆ 4.4 ಮೀಟರ್. ಡಿಕ್ಕಿ 500 ಲೀಟರ್ ಎಂದು ಕೊಳ್ಳುವಾಗಲೇ ಹೇಳಿದ್ದರು. 500ರಲ್ಲಿ 200 ಹಿಡಿಯದೇ ಹೋಗುತ್ತದೆಯೇ ಎಂದುಕೊಂಡು ಡ್ರಮ್ಮು ಎತ್ತಿದರೆ, ಅದು ಡಿಕ್ಕಿಯ ಬಾಯಿಗೇ ತಗುಲಿ ನಿಂತಿತು. ಅಂಗಡಿಯ ಹುಡುಗ ಓರೆ ಮಾಡಿ ನೋಡಿದ, ತಿರುಗಿಸಿ ನೋಡಿದ. ಹಿಂದಿನ ಸೀಟಿಗಾದರೂ ಹಾಕೋಣವೆಂದರೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅಷ್ಟು ಹೊತ್ತಿಗೆ ನಮ್ಮೂರಿನವರೊಬ್ಬರು ತಮ್ಮ ಹಳೇ ಮಾರುತಿ ಓಮ್ನಿ ವ್ಯಾನಿನಲ್ಲಿ ಬಂದರು. ಹಿಂದಿನ ಬಾಗಿಲು ಮೇಲೆತ್ತಿ, ಡ್ರಮ್ಮನ್ನು ಮಲಗಿಸಿ ಒಳಗೆ ತಳ್ಳಿದರು. ಒಳಗೆ ಹೋದ ಮೇಲೆ ಎತ್ತಿ ನಿಲ್ಲಿಸಿದರು. ಸುಣ್ಣದ ಚೀಲವನ್ನು ಅದರ ಪಕ್ಕಕ್ಕೆ ಒತ್ತಾಗಿ ಇಟ್ಟರು. ಎರಡು ನಿಮಿಷದ ಕೆಲಸ.

ಓಮ್ನಿಯ ಉದ್ದ 3.37 ಮೀಟರ್. ನಮ್ಮ ಕಾರಿಗಿಂತ ಒಂದು ಮೀಟರ್ ಗಿಡ್ಡ. ಹಾಗಾದರೆ ನಮ್ಮ ಕಾರಿನಲ್ಲಿ ಹೆಚ್ಚಿಗೆ ಇದ್ದ ಆ ಒಂದು ಮೀಟರ್ ಎಲ್ಲಿ ಹೋಯಿತು? ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಹೊಸ ಕಾರು ನೋಡುತ್ತಿರುವವರಿಗೆ ಇದು ಖಂಡಿತ ಉಪಯೋಗಕ್ಕೆ ಬರುತ್ತದೆ.

ಕಾರಿನ ಉದ್ದವೆಂದರೆ ಒಂದು ಜಮೀನು ಇದ್ದ ಹಾಗೆ. ಅದನ್ನು ನಾಲ್ಕು ಪಾಲುದಾರರಿಗೆ ಹಿಸೆ ಮಾಡಬೇಕು. ಒಬ್ಬ ಎಂಜಿನ್, ಇನ್ನೊಬ್ಬರು ಒಳಗೆ ಕೂರುವ ಜನ, ಮತ್ತೊಂದು ಸಾಮಾನು. ನಾಲ್ಕನೆಯದು ಕಣ್ಣಿಗೆ ಕಾಣದ ಪಾಲುದಾರ: ಅಪಘಾತವಾದಾಗ ತಾನು ಮುದುರಿ ಒಳಗಿನವರನ್ನು ಉಳಿಸುವ ಜಾಗ. ಒಬ್ಬರಿಗೆ ಒಂದು ಇಂಚು ಜಾಸ್ತಿ ಕೊಟ್ಟರೆ ಇನ್ನೊಬ್ಬರ ಪಾಲು ಕಡಿಮೆಯಾಗುತ್ತದೆ. ಕಾರಿನ ವಿನ್ಯಾಸ ಅಂದರೆ ಮುಖ್ಯವಾಗಿ ಈ ಹಿಸೆಯೇ. ಚಂದದ ಮೂತಿ, ದೊಡ್ಡ ದೀಪ ಎಲ್ಲ ಆಮೇಲಿನ ಮಾತು.

ಮೊದಲು ಎಂಜಿನ್‌ನ ಪಾಲು ನೋಡೋಣ. ಹಳೇ ಅಂಬಾಸಿಡರ್‌ನ ಬಾನೆಟ್ ಎತ್ತಿ ನೋಡಿದವರಿಗೆ ಗೊತ್ತು. ಎಂಜಿನ್ ಉದ್ದುದ್ದಕ್ಕೆ ಕೂತಿರುತ್ತದೆ. ಅದರ ಹಿಂದೆ ಗೇರ್‌ಬಾಕ್ಸ್. ಅಲ್ಲಿಂದ ಒಂದು ಉದ್ದನೆಯ ಶಾಫ್ಟು ಕಾರಿನ ಹೊಟ್ಟೆಯ ಕೆಳಗೆ ಹಾದು ಹಿಂದಿನ ಚಕ್ರ ತಿರುಗಿಸುತ್ತದೆ. ಆ ಶಾಫ್ಟಿಗೆ ದಾರಿ ಬೇಕಲ್ಲ? ಅದಕ್ಕೇ ಹಿಂದಿನ ಸೀಟಿನ ನಡುವೆ ನೆಲದಲ್ಲಿ ಆ ದಿಬ್ಬ. ಮಧ್ಯದಲ್ಲಿ ಕೂತವರು ಶಿರಸಿಯಿಂದ ಕುಮಟಾ ಮುಟ್ಟುವವರೆಗೂ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟೇ ಕೂರಬೇಕಿತ್ತು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿನಿ ಕಾರು. 1956ರ ಸೂಯೆಜ್ ಗಲಾಟೆಯಿಂದ ಪೆಟ್ರೋಲಿಗೆ ತತ್ವಾರ ಬಂದಿತ್ತು. ಸಣ್ಣ ಕಾರು ಬೇಕಿತ್ತು, ಆದರೆ ನಾಲ್ಕು ಜನ ದೊಡ್ಡವರು ಕೂರಬೇಕಿತ್ತು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ಎಂಜಿನ್ನನ್ನೇ ಅಡ್ಡ ತಿರುಗಿಸಿ ಕೂರಿಸಿದರು. ಗೇರ್‌ಬಾಕ್ಸನ್ನು ಅದರ ಕೆಳಗೆ ಎಣ್ಣೆ ತೊಟ್ಟಿಯೊಳಗೇ ಸೇರಿಸಿದರು. ಮುಂದಿನ ಚಕ್ರಗಳೇ ಕಾರನ್ನು ಎಳೆಯುವಂತೆ ಮಾಡಿದರು, ಹಾಗಾಗಿ ಹಿಂದಕ್ಕೆ ಶಾಫ್ಟು ಬೇಕಾಗಲಿಲ್ಲ. ಚಕ್ರಗಳನ್ನು 10 ಇಂಚಿಗೆ ಇಳಿಸಿ ನಾಲ್ಕು ಮೂಲೆಗೆ ದೂಡಿದರು. ಕಾರು ಬರೇ ಮೂರು ಮೀಟರ್ ಚಿಲ್ಲರೆ. ಅದರ ನೆಲದ ಶೇ. 80ರಷ್ಟು ಜಾಗ ಜನ ಮತ್ತು ಸಾಮಾನಿಗೇ ಸಿಕ್ಕಿತು. ಮುಂದೆ ಗೇರ್‌ಬಾಕ್ಸನ್ನು ಕೆಳಗಿಡುವ ಬದಲು ಎಂಜಿನ್‌ನ ಪಕ್ಕದಲ್ಲೇ ಅಡ್ಡ ಸಾಲಿಗೆ ಜೋಡಿಸುವ ಕ್ರಮ ಇಟಲಿಯಲ್ಲಿ ಬಂತು. ಇವತ್ತು ನಮ್ಮ ರಸ್ತೆಯ ಹೆಚ್ಚಿನ ಸಣ್ಣ ಕಾರುಗಳ ಒಳಗೆ ಇರುವುದು ಅದೇ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ನಮ್ಮ ಜನಕ್ಕೆ ಮೊದಲ ಸಲ ಇದರ ರುಚಿ ತೋರಿಸಿತು. ಅಂಬಾಸಿಡರ್‌ಗಿಂತ ಸುಮಾರು ಒಂದು ಮೀಟರ್ ಗಿಡ್ಡ ಇದ್ದರೂ ನಾಲ್ಕು ಜನ ಆರಾಮಾಗಿ ಹೋಗುತ್ತಿದ್ದರು.

ಓಮ್ನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಎಂಜಿನ್‌ಗೆ ಬೇರೆ ಪಾಲೇ ಇಲ್ಲ. ಡ್ರೈವರ್ ಸೀಟಿನ ಕೆಳಗೆ ಅದರ ವಾಸ. ಬಾನೆಟ್ ಎಂಬುದು ಇಲ್ಲವೇ ಇಲ್ಲ ಅನ್ನಬಹುದು. ಮೂತಿಯಿಂದ ಒಂದು ಗೇಣು ದಾಟಿದರೆ ಮನುಷ್ಯನ ಕಾಲು ಸಿಗುತ್ತದೆ. ಹೀಗಾಗಿ 3.37 ಮೀಟರ್‌ನಲ್ಲಿ ಹೆಚ್ಚಿನದೆಲ್ಲ ಒಳಜಾಗವೇ ಆಯಿತು. ನಮ್ಮ ಸೀಮೆಯಲ್ಲಿ ಅಡಿಕೆ ಚೀಲ, ಮದುವೆ ಮನೆಯ ಪಾತ್ರೆ, ಮೇಳದವರ ಚಂಡೆ ಮದ್ದಳೆ, ಬಾಣಂತಿ, ಎಲ್ಲವನ್ನೂ ಹೊತ್ತದ್ದು ಅದೇ. ಬಾಗಿಲು ಪಕ್ಕಕ್ಕೆ ಸರಿಯುತ್ತಿದ್ದರಿಂದ ಇಕ್ಕಟ್ಟಾದ ಪೇಟೆ ಬೀದಿಯಲ್ಲೂ ಇಳಿಯಬಹುದಿತ್ತು.

ಆದರೆ ನಾಲ್ಕನೇ ಪಾಲುದಾರನನ್ನು ನೆನಪಿಸಿಕೊಳ್ಳಿ. ಮುದುರುವ ಜಾಗಕ್ಕೆ ಓಮ್ನಿ ಏನನ್ನೂ ಬಿಟ್ಟಿರಲಿಲ್ಲ. ಎದುರಿನಿಂದ ಏನಾದರೂ ಬಡಿದರೆ ಮೊದಲು ಸಿಗುವುದು ಮುಂದೆ ಕೂತವರ ಮೊಣಕಾಲು. 2019ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿ ಮಾರುವ ಎಲ್ಲ ಕಾರುಗಳೂ ಎದುರಿನಿಂದ ಗುದ್ದಿಸುವ ಪರೀಕ್ಷೆ ಪಾಸಾಗಬೇಕು ಎಂಬ ನಿಯಮ ಪೂರ್ತಿ ಜಾರಿಗೆ ಬಂತು. ಗಂಟೆಗೆ 56 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಶೇ. 40ರಷ್ಟನ್ನು ಒಂದು ತಡೆಗೆ ಗುದ್ದಿಸುತ್ತಾರೆ. ಒಳಗಿನ ಬೊಂಬೆಗಳಿಗೆ ಎಷ್ಟು ಪೆಟ್ಟಾಯಿತು ಎಂದು ಅಳೆಯುತ್ತಾರೆ. ಓಮ್ನಿ ನಿಂತದ್ದೂ ಅದೇ ವರ್ಷ. ಓಮ್ನಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಅದು ನಿಂತದ್ದು ಸರಿ ಎಂದೇ ನನ್ನ ಅಭಿಪ್ರಾಯ. ದೇವಿಮನೆ ಘಟ್ಟದಲ್ಲಿ ತಿರುವು ದಾಟಿ ಎದುರಿಗೆ ಲಾರಿ ಬಂದಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ಅದರಲ್ಲಿ ಮುಂದೆ ಕೂತವರಿಗೆ ಗೊತ್ತು.

ಈಗಿನ ಕಾರಿನ ಮೂತಿ ಎತ್ತರ, ಸೂರು ಹೊತ್ತ ಕಂಬಗಳು ದಪ್ಪ, ಬಾಗಿಲು ಭಾರ. ಎಲ್ಲಕ್ಕೂ ಕಾರಣ ಈ ಸುರಕ್ಷತೆಯೇ. ಬಾಗಿಲಿನ ಒಳಗೆ ಉಕ್ಕಿನ ತೊಲೆ, ಕಂಬದ ಒಳಗೆ ಗಾಳಿಚೀಲ (ಏರ್‌ಬ್ಯಾಗ್). ಪ್ರತಿ ಕಡೆಯೂ ಒಂದೆರಡು ಇಂಚು ಒಳಜಾಗ ಕಡಿಮೆ. ಆ ದಪ್ಪ ಕಂಬದ ಮರೆಯಲ್ಲಿ ತಿರುವಿನ ಬೈಕು ಪೂರ್ತಿ ಮಾಯವಾಗುವುದೂ ಉಂಟು. ಘಟ್ಟದ ರಸ್ತೆಯಲ್ಲಿ ಓಡಾಡುವವರು ಟೆಸ್ಟ್ ಡ್ರೈವ್‌ನಲ್ಲಿ ಇದನ್ನು ನೋಡಲೇಬೇಕು. ತಿರುವಿನಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ ನೋಡಬೇಕಾಗುತ್ತದೆಯೇ, ಇಲ್ಲವೇ ಎಂದು.

ಇನ್ನು ಚಕ್ರಗಳ ಮಾತು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರವನ್ನು ವೀಲ್‌ಬೇಸ್ ಅನ್ನುತ್ತಾರೆ. ಜನ ಕೂರುವುದು ಮುಖ್ಯವಾಗಿ ಈ ಎರಡು ಚಕ್ರಗಳ ನಡುವೆ. ಹಾಗಾಗಿ ಕಾಲು ಚಾಚುವ ಜಾಗ ಎಷ್ಟಿದೆ ಎಂದು ಅಂದಾಜು ಮಾಡಲು ಕಾರಿನ ಒಟ್ಟು ಉದ್ದಕ್ಕಿಂತ ಇದು ಒಳ್ಳೆಯ ಅಳತೆ. ಎರಡು ಇನ್ನೋವಾಗಳನ್ನೇ ನೋಡಿ. ಕ್ರಿಸ್ಟಾ 4735 ಮಿ.ಮೀ. ಉದ್ದ, ಹೈಕ್ರಾಸ್ 4755. ವ್ಯತ್ಯಾಸ ಬರೇ 20 ಮಿ.ಮೀ. ಆದರೆ ವೀಲ್‌ಬೇಸ್ 2750ರಿಂದ 2850ಕ್ಕೆ ಏರಿದೆ, ಪೂರ್ತಿ 100 ಮಿ.ಮೀ. ಇದು ಹೇಗೆ ಬಂತು ಅಂದರೆ, ಕ್ರಿಸ್ಟಾ ಲಾರಿಯ ಹಾಗೆ ಉಕ್ಕಿನ ಚೌಕಟ್ಟಿನ ಮೇಲೆ ಕೂತ ಗಾಡಿ. ಎಂಜಿನ್ ಉದ್ದಕ್ಕೆ, ಎಳೆತ ಹಿಂದಿನ ಚಕ್ರಕ್ಕೆ. ಹೈಕ್ರಾಸ್‌ನಲ್ಲಿ ಆ ಚೌಕಟ್ಟು ಇಲ್ಲ, ಮೈಯೇ ಚೌಕಟ್ಟು. ಎಂಜಿನ್ ಅಡ್ಡಕ್ಕೆ, ಎಳೆತ ಮುಂದಿನ ಚಕ್ರಕ್ಕೆ. ನೆಲ ಕೆಳಗಿಳಿಯಿತು, ಶಾಫ್ಟು ಹೋಯಿತು, ಮೂರನೇ ಸಾಲಿನಲ್ಲಿ ಕೂತವರಿಗೂ ಮೊಣಕಾಲಿಗೆ ಜಾಗ ಬಂತು. ಅದೇ ಹಿಸೆ, ಪಾಲು ಮಾತ್ರ ಬೇರೆ.

ಹಾಗಂತ ಕ್ರಿಸ್ಟಾದ ಕ್ರಮ ತಪ್ಪು ಅನ್ನುವ ಹಾಗಿಲ್ಲ. ಜಾಸ್ತಿ ಭಾರ ಹೊತ್ತು ಕೆಟ್ಟ ರಸ್ತೆಯಲ್ಲಿ ವರ್ಷಗಟ್ಟಲೆ ಓಡುವುದಕ್ಕೆ ಆ ಚೌಕಟ್ಟು ಗಟ್ಟಿ. ಭಾರ ತುಂಬಿ ಏರು ಹತ್ತುವಾಗ ತೂಕವೆಲ್ಲ ಹಿಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ಸಿಗುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಇದೇ ಹೊತ್ತಿಗೆ ಹಿಡಿತ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ತೋಟದ ಕೆಸರು ಏರು ಇರುವವರಿಗೆ ಇದು ಬರೇ ಪುಸ್ತಕದ ಮಾತಲ್ಲ. ವೀಲ್‌ಬೇಸ್ ಉದ್ದವಾದಷ್ಟೂ ಗಾಡಿ ತಿರುಗಲು ಜಾಗ ಜಾಸ್ತಿ ಬೇಕು ಎಂಬುದೂ ಲೆಕ್ಕದಲ್ಲಿರಲಿ. ರಸ್ತೆಯ ಉಬ್ಬಿಗೆ ಗಾಡಿಯ ಹೊಟ್ಟೆ ತಾಗುವ ಸಾಧ್ಯತೆಯೂ ಜಾಸ್ತಿ.

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಮೊಣಕಾಲು ನೋವು. ಸೆಡಾನ್‌ನಿಂದ ಇಳಿಯುವಾಗ ಪ್ರತಿ ಸಲವೂ ಅದೇ ಮಾತು: “ತಮಾ, ಯಂಗೆ ಏಳಲೆ ಆಗ್ತಿಲ್ಲೆ.” ಮೊದಮೊದಲು ವಯಸ್ಸಾಯಿತು ಎಂದುಕೊಂಡಿದ್ದೆ. ಒಂದು ದಿನ ಅವಳು ನೆಂಟರ ವ್ಯಾಗನ್ ಆರ್‌ನಿಂದ ಯಾರ ಕೈಯನ್ನೂ ಹಿಡಿಯದೇ ಇಳಿದು ಬಂದಾಗ ಕಣ್ಣು ತೆರೆಯಿತು. ತಪ್ಪು ಅವಳ ಮೊಣಕಾಲಿನದಷ್ಟೇ ಆಗಿರಲಿಲ್ಲ. ನಮ್ಮ ಕಾರಿನ ಸೀಟಿನದೂ ಇತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಊಟದ ಮಣೆಯ ಮೇಲೆ ಕೂತು ಕಾಲು ಮುಂದೆ ಚಾಚಿ. ಬೆನ್ನಿನಿಂದ ಪಾದದವರೆಗೆ ಎಷ್ಟು ಜಾಗ ಹಿಡಿಯಿತು ನೋಡಿ. ಆಮೇಲೆ ಜಗಲಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಅದೇ ಅಳತೆ ತೆಗೆಯಿರಿ. ಅರ್ಧದಷ್ಟು ಜಾಗ ಸಾಕಾಗುತ್ತದೆ. ಏಳುವುದೂ ಸುಲಭ, ಸುಮ್ನೆ ಕಾಲೂರಿ ನಿಂತರೆ ಆಯಿತು. ಸೆಡಾನ್ ಅಂದರೆ ಮಣೆ. ಎತ್ತರದ ಕಾರು ಅಂದರೆ ಜಗಲಿ ಕಟ್ಟೆ.

ವಿನ್ಯಾಸಕಾರರು ಕಾರು ಬರೆಯಲು ಶುರು ಮಾಡುವುದೇ ಕೂತವರ ಸೊಂಟದ ಬಿಂದುವಿನಿಂದ. ಸೊಂಟ ನೆಲದಿಂದ ಎಷ್ಟು ಎತ್ತರ ಎಂದು ಗೊತ್ತಾದ ಮೇಲೆ ಮೊಣಕಾಲು ಎಲ್ಲಿ, ತಲೆ ಎಲ್ಲಿ, ಸ್ಟೇರಿಂಗ್ ಎಲ್ಲಿ ಎಂಬುದೆಲ್ಲ ತಾನಾಗಿ ಬರುತ್ತದೆ. ಸೊಂಟವನ್ನು ಮೇಲೆತ್ತಿದರೆ ಜನರನ್ನು ಹತ್ತಿರ ಹತ್ತಿರ ಕೂರಿಸಬಹುದು. ಬದಲಿಗೆ ಸೂರನ್ನು ಎತ್ತರಿಸಬೇಕು. ಜಪಾನಿನಲ್ಲಿ ಕಾರಿನ ಉದ್ದ ಅಗಲಕ್ಕೆ ಬಿಗಿಯಾದ ಮಿತಿ ಇರುವ ಸಣ್ಣ ಕಾರುಗಳ ವರ್ಗವೊಂದಿದೆ. ಅಲ್ಲಿ ಉದ್ದಕ್ಕೆ ಬೆಳೆಯಲು ಆಗದೇ ಮೇಲಕ್ಕೆ ಬೆಳೆದ ಕಾರು ವ್ಯಾಗನ್ ಆರ್, 1993ರಲ್ಲಿ. ಇಲ್ಲಿಗೆ 1998ರಲ್ಲಿ ಸ್ಯಾಂಟ್ರೋ, ಮರುವರ್ಷ ವ್ಯಾಗನ್ ಆರ್ ಬಂದಾಗ ಎಷ್ಟೋ ಜನ ಡಬ್ಬದ ಹಾಗಿದೆ ಅಂದಿದ್ದರು. ಈಗಿನ ವ್ಯಾಗನ್ ಆರ್ ಉದ್ದ 3655 ಮಿ.ಮೀ., ಎತ್ತರ 1675. ಡಬ್ಬಕ್ಕೆ ಮೂಲೆಗಳು ಇರುತ್ತವೆ, ಮೂಲೆಗಳಲ್ಲಿ ಸಾಮಾನು ಕೂರುತ್ತದೆ. ಅದರ ಅಂದ ಇರುವುದೇ ಅಲ್ಲಿ ಎಂದು ನನಗನ್ನಿಸುತ್ತದೆ.

ಎತ್ತರಕ್ಕೂ ಬೆಲೆ ತೆರಬೇಕು. ತಿರುವಿನಲ್ಲಿ ಮೈ ಜಾಸ್ತಿ ವಾಲುತ್ತದೆ. ಹೆದ್ದಾರಿ 66ರಲ್ಲಿ ಕಡಲ ಬದಿಯ ಗಾಳಿಗೆ ಒಂದಿಷ್ಟು ಅಲುಗುತ್ತದೆ. ಎದುರಿನ ಗಾಳಿಯನ್ನು ಜಾಸ್ತಿ ಸೀಳಬೇಕಾದ್ದರಿಂದ ವೇಗದಲ್ಲಿ ಎಣ್ಣೆ ಖರ್ಚು. ಘಟ್ಟ ಇಳಿಯುವಾಗ ಹಿಂದೆ ಕೂತ ಮಕ್ಕಳಿಗೆ ವಾಂತಿ ಬರುವುದು ಈ ವಾಲಾಟದಿಂದಲೂ ಹೌದು.

ವಿದ್ಯುತ್ ಕಾರುಗಳಲ್ಲಿ ಇದೇ ಲೆಕ್ಕ ಇನ್ನೊಂದು ರೀತಿ ಎದುರಾಗುತ್ತದೆ. ಬ್ಯಾಟರಿ ನೆಲದ ಕೆಳಗೆ ಹಾಸಿರುತ್ತದೆ. ಅಷ್ಟು ದಪ್ಪಕ್ಕೆ ನೆಲ ಮೇಲೆ ಬರುತ್ತದೆ. ಸೀಟನ್ನೂ ಅಷ್ಟೇ ಎತ್ತಿದರೆ ಸರಿ. ಆದರೆ ಸೂರು ಅಡ್ಡ ಬರುತ್ತದೆ ಎಂದು ಸೀಟನ್ನು ಅಲ್ಲೇ ಬಿಟ್ಟರೆ ಜಗಲಿ ಕಟ್ಟೆ ಮತ್ತೆ ಮಣೆಯಾಗುತ್ತದೆ. ಮೊಣಕಾಲು ಮೇಲಕ್ಕೆ, ತೊಡೆಗೆ ಆಧಾರವಿಲ್ಲ. ಪೆಟ್ರೋಲ್ ಕಾರಿಗೆಂದು ಮಾಡಿದ ಮೈಗೆ ಆಮೇಲೆ ಬ್ಯಾಟರಿ ತುಂಬಿಸಿದ ಕಾರುಗಳಲ್ಲಿ ಈ ತೊಂದರೆ ಜಾಸ್ತಿ. ಮೊದಲಿನಿಂದಲೇ ವಿದ್ಯುತ್ತಿಗೆಂದು ಬರೆದ ಕಾರಿನಲ್ಲಿ ಚಕ್ರಗಳನ್ನು ಮೂಲೆಗೆ ತಳ್ಳಿ, ಮುಂದೆ ಎಂಜಿನ್ ಇಲ್ಲದ ಜಾಗದಲ್ಲಿ ಇನ್ನೊಂದು ಪುಟ್ಟ ಡಿಕ್ಕಿಯನ್ನೂ ಕೊಡಲು ಸಾಧ್ಯ. ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಕೆಳಗೆ ಅಂಗೈ ಹಾಕಿ ನೋಡಿ. ಸರಾಗವಾಗಿ ಕೈ ಹೋದರೆ ಅಲ್ಲಿ ತೊಡೆಗೆ ಆಧಾರವಿಲ್ಲ ಎಂದರ್ಥ. ಹುಬ್ಬಳ್ಳಿವರೆಗೆ ಹೋಗುವಷ್ಟರಲ್ಲಿ ಸೊಂಟ ಹಿಡಿಯುತ್ತದೆ.

ನಮ್ಮ ದೇಶದ ಕಾರುಗಳ ಹಿಸೆಯಲ್ಲಿ ಸರ್ಕಾರದ್ದೂ ಒಂದು ದೊಡ್ಡ ಕೈ ಇದೆ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿ.ಸಿ., ಡೀಸೆಲ್ ಆದರೆ 1500 ಸಿ.ಸಿ. ಒಳಗಿರಬೇಕು. ಈ 4 ಮೀಟರ್ ಗೆರೆ ಇವತ್ತಿಗೂ ಇದೆ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನವಕ್ಕೆ ಶೇ. 18 ಜಿಎಸ್‌ಟಿ, ಹೊರಗಿನವಕ್ಕೆ ಶೇ. 40. ಕಂಪನಿಗಳು 3995, 3990 ಎಂದು ಗೆರೆಗೆ ತಾಗಿ ನಿಲ್ಲುವುದು ಇದಕ್ಕೇ.

ಗೆರೆ ಬಂದಾಗ ಪಾಲು ಕಳೆದುಕೊಂಡವರು ಯಾರು? ಮಾರುತಿ ಡಿಸೈರ್ ಕಾರಿನ ಕಥೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. 2008ರ ಮೊದಲ ಡಿಸೈರ್ 4160 ಮಿ.ಮೀ. ಉದ್ದ, ಡಿಕ್ಕಿ 440 ಲೀಟರ್. 2012ರಲ್ಲಿ ಅದನ್ನು 3995ಕ್ಕೆ ತಂದರು. ಡಿಕ್ಕಿ 316 ಲೀಟರ್‌ಗೆ ಇಳಿಯಿತು. 16.5 ಸೆಂ.ಮೀ. ಉಳಿಸಲು 124 ಲೀಟರ್ ಕೊಟ್ಟರು. ಎಂಜಿನ್ ಬಿಟ್ಟುಕೊಡಲಿಲ್ಲ, ಜನರೂ ಬಿಟ್ಟುಕೊಡಲಿಲ್ಲ, ಸಾಮಾನು ಬಿಟ್ಟುಕೊಟ್ಟಿತು. 2017ರಲ್ಲಿ ಅದೇ 3995ರೊಳಗೆ ಹೊಸ ಅಡಿಪಾಯ ಹಾಕಿ, ಅಗಲ ಹೆಚ್ಚಿಸಿ, ಡಿಕ್ಕಿಯನ್ನು 378 ಲೀಟರ್‌ಗೆ ತಂದರು. ಉದ್ದ ಒಂದೇ ಇದ್ದರೂ ಬುದ್ಧಿ ಓಡಿಸಿದರೆ ಜಾಗ ಹುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಟ್ರೈಬರ್ ಇನ್ನೂ ಧೈರ್ಯದ್ದು: 3990 ಮಿ.ಮೀ.ನಲ್ಲಿ ವೀಲ್‌ಬೇಸ್ 2636, ಏಳು ಸೀಟು. ಏಳೂ ಸೀಟು ಇಟ್ಟರೆ ಹಿಂದೆ ಉಳಿಯುವುದು 84 ಲೀಟರ್ ಮಾತ್ರ. ಮೂರನೇ ಸಾಲನ್ನು ಕಳಚಿ ಮನೆಯಲ್ಲಿಟ್ಟರೆ 625. ಜನವೋ ಸಾಮಾನೋ ಎಂದು ನೀವೇ ಹಿಸೆ ಮಾಡಿಕೊಳ್ಳಿ ಎಂದು ನಮ್ಮ ಕೈಗೇ ಬಿಟ್ಟ ಹಾಗೆ. 4 ಮೀಟರ್ ಗೆರೆ ದಾಟಿದ ಎರ್ಟಿಗಾದಲ್ಲೂ ಏಳು ಜನ ಕೂತರೆ ಹಿಂದೆ 209 ಲೀಟರ್. ಏಳು ಜನರ ಮದುವೆ ಪ್ರಯಾಣಕ್ಕೆ ಅದು ಎಲ್ಲಿ ಸಾಲುತ್ತದೆ? ಸೂರಿನ ಮೇಲೆ ಕ್ಯಾರಿಯರ್ ಬಂದದ್ದು ಸುಮ್ನೆ ಅಲ್ಲ.

ಇನ್ನು ಡಿಕ್ಕಿಯ ಬಾಯಿ. ನನ್ನ ಡ್ರಮ್ಮಿನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಡಿಕ್ಕಿಯ ಲೀಟರನ್ನು ಯಾರೂ ನೀರು ತುಂಬಿಸಿ ಅಳೆಯುವುದಿಲ್ಲ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಕ್ರಮದಲ್ಲಿ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ತುಂಡುಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಒಂದು ತುಂಡು ಸರಿಯಾಗಿ ಒಂದು ಲೀಟರ್. ಎಷ್ಟು ತುಂಡು ಹಿಡಿಯಿತೋ ಅಷ್ಟು ಲೀಟರ್. ಹೆಚ್ಚುಕಡಿಮೆ ಒಂದು ಇಟ್ಟಿಗೆಯಷ್ಟೇ ಆ ತುಂಡು. ಇಟ್ಟಿಗೆಯನ್ನು ಮೂಲೆ ಮೂಲೆಗೆ ತುರುಕಬಹುದು. ಚಕ್ರದ ಗುಮ್ಮಟದ ಹಿಂದೆ, ದೀಪದ ಪಕ್ಕದ ಸಂದಿಗೆ, ಎಲ್ಲ ಕಡೆ. ನಿಮ್ಮ ಹತ್ತಿರ ಇಟ್ಟಿಗೆ ಇದ್ದರೆ ಆ ಸಂಖ್ಯೆ ನಿಜ. ಡ್ರಮ್ಮು ಇದ್ದರೆ ಅದು ಅಷ್ಟು ಕೆಲಸಕ್ಕೆ ಬರುವುದಿಲ್ಲ.

ಡ್ರಮ್ಮಿನ ಅಡ್ಡ ಅಳತೆ 58 ಸೆಂ.ಮೀ. ನಿಂತರೆ ಎತ್ತರ ಸುಮಾರು 90. ಮನೆಗೆ ಬಂದ ಮೇಲೆ ಟೇಪು ಹಿಡಿದು ನಮ್ಮ ಸೆಡಾನ್ ಡಿಕ್ಕಿಯ ಬಾಯಿ ಅಳೆದೆ. ಅಗಲ ಬೇಕಾದಷ್ಟಿತ್ತು. ಆದರೆ ಹಿಂದಿನ ಗಾಜಿನ ಬುಡದಿಂದ ಡಿಕ್ಕಿಯ ಹೊಸಿಲಿಗೆ 47 ಸೆಂ.ಮೀ. ಮಾತ್ರ. ಒಳಗೆ ಗುಹೆಯಷ್ಟು ಜಾಗ, ಬಾಯಿ ಮಾತ್ರ ಕಿರಿದು. ಸೂರನ್ನು ಹಿಂದಕ್ಕೆ ಇಳಿಜಾರು ಮಾಡಿದರೆ ಗಾಳಿ ಮೈಗೆ ಅಂಟಿ ಸರಿಯುತ್ತದೆ, ಕಾರು ಚಂದವೂ ಕಾಣುತ್ತದೆ. ಆ ಇಳಿಜಾರಿನ ಗಾಜು ಹಿಂದೆ ಹಿಂದೆ ಬಂದಷ್ಟೂ ಡಿಕ್ಕಿಯ ಮುಚ್ಚಳ ಗಿಡ್ಡವಾಗುತ್ತದೆ, ಬಾಯಿ ಸಣ್ಣದಾಗುತ್ತದೆ. ಮುಚ್ಚಳದ ತಿರುಗಣೆಗಳನ್ನೂ ನೋಡಿದೆ. ಬಾತುಕೋಳಿಯ ಕತ್ತಿನ ಹಾಗೆ ಬಾಗಿದ ಎರಡು ಕಬ್ಬಿಣದ ತೋಳುಗಳು. ಮುಚ್ಚಳ ಹಾಕಿದಾಗ ಅವು ಡಿಕ್ಕಿಯ ಒಳಗೇ ಇಳಿಯುತ್ತವೆ. ಒಮ್ಮೆ ಕುಮಟಾದ ಹತ್ತಿರ ಹೆದ್ದಾರಿ ಬದಿಯಲ್ಲಿ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿಯ ಗೊಂಚಲು ತಂದಿದ್ದೆ. ಒಂದು ಬದಿಯ ಈರುಳ್ಳಿಯೆಲ್ಲ ಜಜ್ಜಿಹೋಗಿತ್ತು. ಯಾಕೆಂದು ಅವತ್ತು ತಿಳಿದಿರಲಿಲ್ಲ. ಆ ತೋಳು ಕೂರುವ ಜಾಗಕ್ಕೆ ಸರಿಯಾಗಿ ಗೊಂಚಲು ಇಟ್ಟಿದ್ದೆ.

ಈಗ ಸೂರು ಬೆನ್ನಿನ ಹಾಗೆ ಇಳಿಯುವ ಎತ್ತರದ ಗಾಡಿಗಳು ಬಂದಿವೆ. 2024ರಲ್ಲಿ ಬಂದ ಕರ್ವ್, ಬಸಾಲ್ಟ್ ಈ ಜಾತಿಯವು. ಕರ್ವ್ ಡಿಕ್ಕಿ 500 ಲೀಟರ್. ಸಂಖ್ಯೆ ದೊಡ್ಡದೇ, ಬಾಗಿಲೂ ಗಾಜಿನ ಸಮೇತ ಮೇಲೇಳುತ್ತದೆ. ಆದರೆ ಇಳಿಜಾರು ಇರುವುದರಿಂದ ಎತ್ತರದ ವಸ್ತು ಇಟ್ಟರೆ ಬಾಗಿಲು ಹಾಕುವಾಗ ಗಾಜಿಗೆ ತಾಗುತ್ತದೆ. ಸೂಟ್‌ಕೇಸಿಗೆ ಒಳ್ಳೆಯದು, ಮೂಟೆಗೆ ಅಷ್ಟಕ್ಕಷ್ಟೇ. ಹಿಂದಿನ ಗಾಜು ನೆಟ್ಟಗೆ ನಿಂತ ಗಾಡಿಯೇ ನಮ್ಮ ಕಡೆಯ ಹೊರೆಗೆ ಸರಿ.

ಲೀಟರಿನಲ್ಲಿ ಕಾಣದ ಇನ್ನೂ ಕೆಲವು ಸಂಗತಿಗಳಿವೆ. ಡಿಕ್ಕಿಯ ಹೊಸಿಲು ಎಷ್ಟು ಎತ್ತರ ಎಂಬುದು ಒಂದು. ಅಡಿಕೆ ಚೀಲವನ್ನು ಸೊಂಟದ ಮಟ್ಟಕ್ಕೆ ಎತ್ತುವುದು ಬೇರೆ, ಎದೆ ಮಟ್ಟಕ್ಕೆ ಎತ್ತಿ ಹೊಸಿಲು ದಾಟಿಸಿ ಆಚೆ ಗುಂಡಿಗೆ ಇಳಿಸುವುದು ಬೇರೆ. ಮತ್ತೆ ಅದೇ ಗುಂಡಿಯಿಂದ ಎತ್ತಿ ತೆಗೆಯಬೇಕಲ್ಲ? ಹಿಂದಿನ ಸೀಟು ಮಡಚಿದಾಗ ನೆಲ ಸಮತಟ್ಟಾಗುತ್ತದೆಯೇ, ಮೆಟ್ಟಿಲಾಗುತ್ತದೆಯೇ ಎಂಬುದು ಇನ್ನೊಂದು. ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಎಲ್ಲಿದೆ ನೋಡಬೇಕು. ಒಂದೇ ದೊಡ್ಡ ಸಿಲಿಂಡರ್ ಡಿಕ್ಕಿಯನ್ನೇ ನುಂಗುತ್ತಿತ್ತು. 2023ರಲ್ಲಿ ಆಲ್ಟ್ರೋಜ್‌ನಲ್ಲಿ ತಲಾ 30 ಲೀಟರಿನ ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದಡಿ ಮಲಗಿಸಿದರು. 345ರ ಬದಲು 210 ಲೀಟರ್ ಆದರೂ ಉಳಿಯಿತು.

ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಎಂಬುದರಿಂದಲೂ ಒಳಗಿನ ಆಟ ಬದಲಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಹಿಂದಿನ ಸೀಟಿನ ಕೆಳಗಿರುತ್ತದೆ. 2009ರಲ್ಲಿ ನಮ್ಮ ದೇಶಕ್ಕೆ ಬಂದ ಜಾಝ್‌ನಲ್ಲಿ ಮುಂದಿನ ಸೀಟಿನ ಕೆಳಗಿತ್ತು. ಹಾಗಾಗಿ ಹಿಂದಿನ ಸೀಟಿನ ಕೂರುವ ಭಾಗವನ್ನೇ ಬೆನ್ನಿಗೆ ಮಡಚಿ ಮೇಲೆತ್ತುವಂಥ ವ್ಯವಸ್ಥೆ ಸಾಧ್ಯವಾಯಿತು. ನೆಲದಿಂದ ಸೂರಿನವರೆಗೆ ಖಾಲಿ ಜಾಗ. ಅಡಿಕೆ ಸಸಿಗಳನ್ನು ಸುಳಿ ಬಾಗದ ಹಾಗೆ ನಿಲ್ಲಿಸಿಯೇ ತರಬಹುದು. ನಾನು ಕಂಡ ಜಾಣತನದ ವಿನ್ಯಾಸಗಳಲ್ಲಿ ಇದು ಒಂದು. ಆ ಕಾರು ಈಗ ಹೊಸದಾಗಿ ಸಿಗುವುದಿಲ್ಲ.

ಮಳೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಸಂಗತಿ. ಆದರೆ ಕಾರು ಕೊಳ್ಳುವಾಗ ಯಾರೂ ಅದನ್ನು ಲೆಕ್ಕಕ್ಕೆ ತರುವುದಿಲ್ಲ. ಜುಲೈ ತಿಂಗಳಲ್ಲಿ ಸೆಡಾನ್ ಡಿಕ್ಕಿ ತೆರೆದರೆ ಮಳೆ ನೇರ ಸಾಮಾನಿನ ಮೇಲೆ. ಮೇಲಕ್ಕೆ ಏಳುವ ಬಾಗಿಲಾದರೆ ಅದೇ ಕೊಡೆಯಾಗುತ್ತದೆ, ಅದರಡಿ ನಿಂತು ಸಾಮಾನು ಇಳಿಸಬಹುದು. ಬೊಲೆರೋದ ಹಾಗೆ ಪಕ್ಕಕ್ಕೆ ತೆರೆಯುವ ಬಾಗಿಲಿಗೆ ಹಿಂದೆ ಜಾಗ ಬೇಕು, ಮಳೆಗೆ ರಕ್ಷಣೆ ಇಲ್ಲ. ಆದರೆ ಅದರ ಸ್ಟೆಪ್ನಿ ಬಾಗಿಲ ಮೇಲೇ ಇರುತ್ತದೆ. ಇದರ ಬೆಲೆ ಗೊತ್ತಾಗುವುದು ಘಟ್ಟದಲ್ಲಿ ಪಂಕ್ಚರ್ ಆದಾಗ. ಡಿಕ್ಕಿಯ ನೆಲದಡಿ ಸ್ಟೆಪ್ನಿ ಇದ್ದರೆ ಚೀಲಗಳನ್ನೆಲ್ಲ ರಸ್ತೆ ಬದಿಯ ನೀರಿನಲ್ಲಿ ಇಳಿಸಿಯೇ ಅದನ್ನು ತೆಗೆಯಬೇಕು. ಗಾಡಿಯ ಹೊಟ್ಟೆಯ ಕೆಳಗೆ ತೂಗುವ ಸ್ಟೆಪ್ನಿಯಾದರೆ ಸಾಮಾನು ಇಳಿಸುವುದು ಬೇಡ, ಆದರೆ ಕೆಸರು ಮೆತ್ತಿದ ತಿರುಪನ್ನು ಬಗ್ಗಿ ತಿರುಗಿಸಬೇಕು. ಟ್ಯೂಬ್‌ಲೆಸ್ ಟೈರು, ಗಾಳಿ ಕಡಿಮೆಯಾದರೆ ತಿಳಿಸುವ ಯಂತ್ರ, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿಯೇ ಬೇಡ ಎಂದು 2020ರಲ್ಲಿ ನಿಯಮ ಸಡಿಲಿಸಿದ್ದಾರೆ. ಆ ಜಾಗ ಡಿಕ್ಕಿಗೆ ಸಿಗುತ್ತದೆ. ಆದರೆ ಬದಿಗೋಡೆ ಹರಿದರೆ ಕಿಟ್ ಏನೂ ಮಾಡಲಾರದು. ನಮ್ಮ ರಸ್ತೆಯ ಹೊಂಡಗಳನ್ನು ನೋಡಿದರೆ ಸ್ಟೆಪ್ನಿ ಇಲ್ಲದ ಗಾಡಿ ನನಗೆ ಬೇಡ.

ಸೆಡಾನ್ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಲೇಬೇಕು. ಕಾರವಾರದ ನನ್ನ ಸ್ನೇಹಿತರು ವಾರಕ್ಕೊಮ್ಮೆ ಹುಬ್ಬಳ್ಳಿಯ ಅಕ್ಕನ ಮನೆಗೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಂಗುಡೆ, ಇಸವಣ ಒಯ್ಯುತ್ತಾರೆ. ಅವರು ಸೆಡಾನ್ ಬಿಡುವುದಿಲ್ಲ. ಡಿಕ್ಕಿ ಬೇರೆ ಕೋಣೆ, ಜನ ಕೂರುವುದು ಬೇರೆ ಕೋಣೆ. ವಾಸನೆ ಮುಂದೆ ಬರುವುದಿಲ್ಲ. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲೇಳುವ ಕಾರುಗಳಲ್ಲಿ ನಡುವೆ ಒಂದು ತೆಳು ಹಲಗೆ ಬಿಟ್ಟರೆ ಎಲ್ಲ ಒಂದೇ ಕೋಣೆ. ಹಣ್ಣಾದ ಹಲಸಿನಕಾಯಿ ಇಟ್ಟುಕೊಂಡು ನಾನೂ ಒಮ್ಮೆ ಹಾಗೆ ಬೆಂಗಳೂರು ಮುಟ್ಟಿದ್ದೇನೆ. ಆ ಪರಿಮಳ ಎಂಟು ದಿನ ಕಾರಿನಲ್ಲೇ ಇತ್ತು.

ಈ ವರ್ಷ ಸೆಡಾನ್ ಕೊಟ್ಟು ಬೇರೆ ತೆಗೆದುಕೊಳ್ಳುವ ಯೋಚನೆ ಇದೆ. ಕಳೆದ ತಿಂಗಳು ಆಯಿಯನ್ನೂ ಕುಮಟಾದ ಭಾವನನ್ನೂ ಕರೆದುಕೊಂಡು ನಾಲ್ಕು ಶೋರೂಮು ನೋಡಿ ಬಂದೆ. ಜೇಬಿನಲ್ಲಿ ಟೇಪು, ಒಂದು ಚೀಟಿಯಲ್ಲಿ 58 ಮತ್ತು 90 ಎಂಬ ಎರಡು ಸಂಖ್ಯೆ. ಮೊದಲನೆಯದರಲ್ಲಿ ಡಿಕ್ಕಿ ಚೆನ್ನಾಗಿತ್ತು, ಆಯಿಗೆ ಹತ್ತಲು ಮೆಟ್ಟಿಲು ಬೇಕಾಯಿತು. ಎರಡನೆಯದರಲ್ಲಿ ಬಾಯಿಯ ಎತ್ತರ 55, ಅಲ್ಲಿಗೇ ಬಿಟ್ಟೆವು. ಮೂರನೆಯದರ ಹಿಂದಿನ ಕಿಟಕಿ ಎಷ್ಟು ಸಣ್ಣದೆಂದರೆ ಆಯಿ ಹೊರಗೆ ಏನೂ ಕಾಣುವುದಿಲ್ಲ ಅಂದಳು. ನಾಲ್ಕನೆಯದು ನೋಡಲು ಸಾದಾ, ಡಬ್ಬದಂಥ ಕಾರು. ಆಯಿ ಕೂತಳು, ಎದ್ದಳು, ಬಾಗಿಲಿಗೆ ಕೈ ಊರಲಿಲ್ಲ. ಸೀಟು ಮಡಚಿ ಬಾಯಿ ಅಳೆದೆ: ಎತ್ತರ 66, ಅಗಲ 96. ಚಕ್ರದ ಗುಮ್ಮಟಗಳ ನಡುವೆ ಡ್ರಮ್ಮು ಮಲಗಿ ಹೋಗುತ್ತದೆ ಅನ್ನಿಸಿತು.

ಭಾವನಿಗೆ ಅಷ್ಟು ಸಾಲಲಿಲ್ಲ. ದುಡ್ಡು ಕಟ್ಟುವ ಮೊದಲು ಟೆಸ್ಟ್ ಡ್ರೈವ್ ಗಾಡಿಯನ್ನು ಮನೆಗೇ ತರಿಸು ಅಂದರು. ನೀಲಿ ಡ್ರಮ್ಮನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದೇವೆ. ಗಾಡಿ ನಾಡಿದ್ದು ಬರುತ್ತದೆ.